ಕೊಂಬೆಯ ಮೇಲಿನ ಅಪರೂಪದ ಸೂಕ್ಷ್ಮ ಶಿಲೀಂಧ್ರವನ್ನು ಗುರುತಿಸುವ ಕ್ರಮ: ಸಂಗ್ರಹದಿಂದ ಹೆಸರಿನವರೆಗೆ

ಮಳೆ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಮಲೆನಾಡಿನ ತೋಟಗಳಿಂದ ನನಗೆ ಬರುವ ಚಿತ್ರಗಳು ಹೆಚ್ಚುಕಡಿಮೆ ಒಂದೇ ಬಗೆಯವಾಗಿರುತ್ತವೆ: ಒಣಗಿದ ಒಂದು ಕೊಂಬೆ, ಅದರ ತೊಗಟೆಯ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಅಥವಾ ಕಿತ್ತಳೆ ಬೊಟ್ಟುಗಳು, ಕೆಳಗೆ ‘ಇದು ಯಾವ ಶಿಲೀಂಧ್ರ’ ಎಂಬ ಪ್ರಶ್ನೆ. ಕೇಳುವವರಲ್ಲಿ ಹಲವರ ಬಳಿ ಒಳ್ಳೆಯ ಸೂಕ್ಷ್ಮದರ್ಶಕವೇ ಇರುತ್ತದೆ, ಆದರೂ ಅವರು ಎರಡು ಮೂರು ಸಲ ಪ್ರಯತ್ನಿಸಿ ಸೋತಿರುತ್ತಾರೆ. ಚಿತ್ರ ನೋಡಿ ಮೊದಲು ಒಂದು ಹೆಸರನ್ನು ಊಹಿಸಿಕೊಂಡು, ಆಮೇಲೆ ಮಾದರಿಯನ್ನು ಆ ಹೆಸರಿಗೆ ಹೊಂದಿಸಲು ಹೊರಡುವುದೇ ಈ ಸೋಲಿಗೆ ಮುಖ್ಯ ಕಾರಣವೆಂದು ನಾನು ಕಂಡುಕೊಂಡಿದ್ದೇನೆ. ಕೆಳಗಿನ ಹಂತಗಳನ್ನು ಕೊಟ್ಟ ಅನುಕ್ರಮದಲ್ಲಿಯೇ ಮಾಡಬೇಕು, ಏಕೆಂದರೆ ಕೆಲವು ಲಕ್ಷಣಗಳು ಒಮ್ಮೆ ಕೈತಪ್ಪಿದರೆ ಅದೇ ತುಣುಕಿನಲ್ಲಿ ಮತ್ತೆ ಸಿಗುವುದಿಲ್ಲ.

ಬೇಕಾಗುವ ಸಲಕರಣೆಗಳು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, 10, 40 ಮತ್ತು 100ರ ಮಸೂರಗಳಿರುವ ಸಾಮಾನ್ಯ ಸೂಕ್ಷ್ಮದರ್ಶಕ, ನೇತ್ರ ಮಸೂರದೊಳಗೆ ಕೂರುವ ಅಳತೆಪಟ್ಟಿ, ಸ್ಲೈಡ್, ಕವರ್‌ಸ್ಲಿಪ್, ಹೊಸ ಕ್ಷೌರದ ಬ್ಲೇಡ್‌ಗಳು, ಹಿಡಿಗೆ ಸಿಕ್ಕಿಸಿದ ಎರಡು ಸಣ್ಣ ಸೂಜಿಗಳು ಮತ್ತು ಕಾಗದದ ಲಕೋಟೆಗಳು ಇದ್ದರೆ ಕೆಲಸದ ಬಹುಭಾಗ ನಡೆಯುತ್ತದೆ. ವಸ್ತುವನ್ನು ಉಬ್ಬುತಗ್ಗಿನೊಂದಿಗೆ ತೋರಿಸುವ ಸ್ಟೀರಿಯೊ ಸೂಕ್ಷ್ಮದರ್ಶಕವಿದ್ದರೆ ಅನುಕೂಲ, ಇಲ್ಲದಿದ್ದರೆ ಭೂತಗನ್ನಡಿಯಲ್ಲಿಯೇ ಸುಧಾರಿಸಬಹುದು.

ರಾಸಾಯನಿಕಗಳಲ್ಲಿ ನೀರು, ಶೇಕಡಾ 3ರಿಂದ 10ರಷ್ಟಿರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ (ಮುಂದೆ ಕ್ಷಾರ ಎಂದರೆ ಇದೇ), ಲುಗಾಲ್ ಅಯೋಡಿನ್, ಲ್ಯಾಕ್ಟಿಕ್ ಆಮ್ಲ ಮತ್ತು ಅದರಲ್ಲಿ ಕರಗಿಸಿದ ಕಾಟನ್ ಬ್ಲೂ ಎಂಬ ನೀಲಿ ಬಣ್ಣ ಸಾಕು. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿರುವ ಲ್ಯಾಕ್ಟೋಫೀನಾಲ್‌ನಲ್ಲಿ ಫೀನಾಲ್ ಇರುತ್ತದೆ. ಅದು ಚರ್ಮವನ್ನು ಸುಡುತ್ತದೆ, ವಿಷಕಾರಿಯೂ ಹೌದು. ಮನೆಯಲ್ಲಿ ಕೆಲಸ ಮಾಡುವವರು ಅದನ್ನು ದೂರವಿಡಬೇಕು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸುವಾಗ ಕೈಗವಸು ಮತ್ತು ಕನ್ನಡಕ ಕಡ್ಡಾಯ, ಏಕೆಂದರೆ ಕಣ್ಣಿಗೆ ಸಿಡಿದ ಒಂದು ಹನಿಯಿಂದಲೂ ದೃಷ್ಟಿಗೆ ಅಪಾಯವಿದೆ.

ಹಂತ 1: ಅದು ಶಿಲೀಂಧ್ರವೇ ಎಂಬುದನ್ನು ಖಚಿತಪಡಿಸಿಕೊಳ್ಳಿ

ಇದು ಅನಗತ್ಯವೆಂದು ಅನಿಸಬಹುದು. ಆದರೆ ನನಗೆ ಬರುವ ಮಾದರಿಗಳಲ್ಲಿ ಶಿಲೀಂಧ್ರವೇ ಅಲ್ಲದವು ಪ್ರತಿ ವರ್ಷವೂ ಇರುತ್ತವೆ. ಮಲೆನಾಡಿನ ಮರಗಳ ಮೇಲೆ ಮಖಮಲ್ಲಿನಂತೆ ಹರಡುವ ದಟ್ಟ ಕಿತ್ತಳೆ ಬಣ್ಣದ ಪದರವು ಹೆಚ್ಚಿನ ಸಂದರ್ಭಗಳಲ್ಲಿ ಟ್ರೆಂಟಿಪೋಲಿಯಾ ಎಂಬ ಪಾಚಿ. ಅದು ಹಸಿರು ಪಾಚಿಗಳ ಗುಂಪಿಗೇ ಸೇರಿದ್ದರೂ ಕೋಶದೊಳಗೆ ತುಂಬಿರುವ ಕಿತ್ತಳೆ ವರ್ಣದ್ರವ್ಯವು ಹಸಿರನ್ನು ಮುಚ್ಚಿಬಿಡುತ್ತದೆ. ಒಂದು ಚಿಟಿಕೆ ಕೆರೆದು ನೀರಿನಲ್ಲಿ ನೋಡಿದರೆ ಒಂದರ ತುದಿಗೆ ಒಂದು ಜೋಡಿಸಿದ ದಪ್ಪ ಕೋಶಗಳ ಸರಪಳಿ ಕಾಣುತ್ತದೆ. ಶಿಲೀಂಧ್ರದ ಎಳೆಗಳು ಸಾಮಾನ್ಯವಾಗಿ ಇಷ್ಟು ದಪ್ಪವಿರುವುದಿಲ್ಲ.

ಎರಡನೆಯದು ಕಲ್ಲುಹೂವು. ಕಲ್ಲುಹೂವಿನಲ್ಲಿ ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವುದರಿಂದ ಅದರ ಫಲಕಾಯಗಳು, ಅಂದರೆ ಬೀಜಾಣುಗಳು ಬೆಳೆಯುವ ಅಂಗಗಳು, ಶಿಲೀಂಧ್ರದ ಫಲಕಾಯಗಳಂತೆಯೇ ಇರುತ್ತವೆ. ತೊಗಟೆಯ ಮೇಲೆ ಯಾರೋ ಕಪ್ಪು ಶಾಯಿಯಲ್ಲಿ ಅಕ್ಷರ ಗೀಚಿದಂತೆ ಕಾಣುವ ಗ್ರಾಫಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಬೊಟ್ಟುಗಳ ಸುತ್ತಲಿನ ಬೂದು ಅಥವಾ ಬಿಳಿ ಪದರವನ್ನು ಉಗುರಿನಿಂದ ಮೆಲ್ಲನೆ ಗೀರಿ, ಕೆಳಗೆ ತೆಳುವಾದ ಹಸಿರು ಅಥವಾ ಕಿತ್ತಳೆ ಪದರ ಕಂಡರೆ ಕಲ್ಲುಹೂವೆಂದು ಸಂಶಯಿಸಿ, ನೀರಿನ ಸ್ಲೈಡ್‌ನಲ್ಲಿ ಪಾಚಿಯ ಕೋಶಗಳಿವೆಯೇ ಎಂದು ನೋಡಿ. ಜೀವಂತ ಎಳೆಗೊಂಬೆಯಾದರೆ ತೊಗಟೆಯ ಹಸಿರೇ ಹಾಗೆ ಕಾಣುವುದುಂಟು, ಅದಕ್ಕಾಗಿಯೇ ಸ್ಲೈಡ್‌ನ ಸಾಕ್ಷ್ಯ ಬೇಕು.

ಶಲ್ಕ ಕೀಟಗಳು, ತೊಗಟೆಯ ಸಹಜ ಉಸಿರಾಟದ ಗಂಟುಗಳು, ಲೋಳೆ ಅಣಬೆಗಳ ಪುಟ್ಟ ಕಾಂಡದ ತಲೆಗಳು ಕೂಡ ದಾರಿ ತಪ್ಪಿಸುತ್ತವೆ. ಲೋಳೆ ಅಣಬೆಗಳಿಗೆ ಹೆಸರಿನಲ್ಲಿ ಅಣಬೆ ಎಂದಿದ್ದರೂ ಅವು ಶಿಲೀಂಧ್ರಗಳ ವರ್ಗಕ್ಕೆ ಸೇರಿದವಲ್ಲ.

ಶಿಲೀಂಧ್ರವೂ ಕೀಟವೂ ಒಟ್ಟಿಗೆ ಇರುವ ಒಂದು ವಿಚಿತ್ರ ಸಂದರ್ಭವನ್ನು ಇಲ್ಲಿಯೇ ಹೇಳಬೇಕು. ಮಾವು, ನಿಂಬೆ ಜಾತಿಯ ಜೀವಂತ ಕೊಂಬೆಗಳಿಗೆ ಕಂದು ಅಥವಾ ಬೂದು ಬಣ್ಣದ ಕಂಬಳಿಯ ತುಂಡು ಅಂಟಿಸಿದಂತೆ ಕಾಣುವ ಪದರವಿದ್ದರೆ ಚಾಕುವಿನ ತುದಿಯಿಂದ ಒಂದು ಅಂಚನ್ನು ಎತ್ತಿ ನೋಡಿ. ಅಡಿಯಲ್ಲಿ ಶಲ್ಕ ಕೀಟಗಳು ಸಾಲಾಗಿ ಅಂಟಿಕೊಂಡಿದ್ದರೆ ನಿಮ್ಮ ಕೈಯಲ್ಲಿರುವುದು ಬಹುಪಾಲು ಸೆಪ್ಟೊಬೆಸಿಡಿಯಮ್. ಕೀಟ ಮರದ ರಸ ಹೀರುತ್ತದೆ, ಶಿಲೀಂಧ್ರ ಕೆಲವು ಕೀಟಗಳ ದೇಹದಿಂದ ಆಹಾರ ಪಡೆಯುತ್ತದೆ, ಉಳಿದ ಕೀಟಗಳಿಗೆ ಆ ಕಂಬಳಿಯೇ ಸೂರಾಗುತ್ತದೆ. ಕೀಟಗಳನ್ನು ಕಸವೆಂದು ತೊಳೆದುಹಾಕಿ ಶಿಲೀಂಧ್ರವನ್ನು ಮಾತ್ರ ಕಳಿಸಿದವರು ಗುರುತಿನ ಅರ್ಧ ಭಾಗವನ್ನೇ ಕಳೆದುಕೊಂಡಿರುತ್ತಾರೆ.

ಹಂತ 2: ಮರವನ್ನು ಗುರುತಿಸಿ, ಸ್ಥಳದಲ್ಲಿಯೇ ಬರೆದುಕೊಳ್ಳಿ

ಕೊಂಬೆ ಯಾವ ಮರದ್ದು ಎಂಬ ಮಾಹಿತಿ ಇಲ್ಲದಿದ್ದರೆ ಮುಂದೆ ಜಾತಿಯ ಮಟ್ಟದಲ್ಲಿ ಗುರುತಿಸುವಾಗ ಅನೇಕ ದಾರಿಗಳು ಮುಚ್ಚಿಹೋಗುತ್ತವೆ. ಬಿದ್ದ ಕೊಂಬೆಯಾದರೆ ತಲೆಯೆತ್ತಿ ಮೇಲೆ ನೋಡಿ, ಎಲೆ ಮತ್ತು ತೊಗಟೆ ಹೋಲಿಸಿ, ಸಂಶಯವಿದ್ದರೆ ಒಂದು ಎಲೆಗೊಂಚಲನ್ನೂ ಜೊತೆಗೆ ಒತ್ತಿಡಿ. ದಿನಾಂಕ, ಊರು, ಎತ್ತರ, ಕೊಂಬೆಯ ದಪ್ಪ, ಅದು ಮರಕ್ಕೆ ಅಂಟಿಕೊಂಡೇ ಒಣಗಿತ್ತೋ ನೆಲಕ್ಕೆ ಬಿದ್ದು ಕೊಳೆಯುತ್ತಿತ್ತೋ, ತೊಗಟೆ ಇತ್ತೋ ಕಳಚಿತ್ತೋ ಎಂಬ ಇಷ್ಟನ್ನು ಅಲ್ಲಿಯೇ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮಳೆಯಲ್ಲಿ ಉಳಿಯುವುದಿಲ್ಲ.

ಬೊಟ್ಟುಗಳಿರುವ ಭಾಗವನ್ನು ಗೇಣುದ್ದ ಕತ್ತರಿಸಿ ಕಾಗದದಲ್ಲಿ ಸುತ್ತಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಎರಡು ದಿನಗಳಲ್ಲಿ ಟ್ರೈಕೋಡರ್ಮಾ, ಪೆನಿಸಿಲಿಯಮ್ ಮುಂತಾದ ಹಸಿರು ಬೂಷ್ಟುಗಳು ಆವರಿಸಿ, ನೀವು ಗುರುತಿಸಲು ಹೊರಟ ಜೀವಿಯೇ ಕಾಣದಂತಾಗುತ್ತದೆ. ಕಾಯ್ದಿಟ್ಟ ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಕಡ್ಡಿಯನ್ನೂ ತರಬಾರದು.

ಹಂತ 3: ಮುಟ್ಟುವ ಮೊದಲು ಮೇಲ್ಮೈ ನೋಡಿ

ಬೊಟ್ಟುಗಳು ತೊಗಟೆಯ ಮೇಲೆ ಕುಳಿತಿವೆಯೇ, ತೊಗಟೆಯನ್ನು ಸೀಳಿಕೊಂಡು ಹೊರಬಂದಿವೆಯೇ, ಒಳಗೇ ಹುದುಗಿ ಬಾಯಿ ಮಾತ್ರ ಹೊರಗೆ ಚಾಚಿವೆಯೇ? ಬಿಡಿಬಿಡಿಯಾಗಿವೆಯೇ, ಒಂದೇ ಗಟ್ಟಿ ದಿಂಬಿನ ಮೇಲೆ ಗುಂಪಾಗಿವೆಯೇ? ಮೇಲೆ ಸೂಜಿಮೊನೆಯಷ್ಟು ರಂಧ್ರವಿದೆಯೇ? ಬಟ್ಟಲಿನಂತೆ ತೆರೆದಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಬರೆದು, ಪಕ್ಕದಲ್ಲಿ ಮಿಲಿಮೀಟರ್ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ.

ರಂಧ್ರದಿಂದ ಹೊರಬಂದ ಲೋಳೆಯ ಹನಿ ಅಥವಾ ಶಾವಿಗೆಯಂಥ ಎಳೆ ಕಂಡರೆ ಅದು ಒಳ್ಳೆಯ ಸೂಚನೆ. ಅದು ಬೀಜಾಣುಗಳ ರಾಶಿಯಾಗಿದ್ದು, ಮಾಗಿದ ಬೀಜಾಣುಗಳು ಸಿಗುವ ಸಾಧ್ಯತೆ ಅಲ್ಲಿ ಹೆಚ್ಚು. ಬೊಟ್ಟುಗಳೆಲ್ಲ ಕುಸಿದು ಮೇಲ್ಭಾಗ ಒಡೆದು ಟೊಳ್ಳಾಗಿದ್ದರೆ ಕಾಲ ಮೀರಿದೆ. ಅಂಥ ಮಾದರಿಯ ಮೇಲೆ ಗಂಟೆಗಟ್ಟಲೆ ಕೂರುವುದಕ್ಕಿಂತ ಅದೇ ಮರದ ಬೇರೆ ಕೊಂಬೆಯನ್ನು ಹುಡುಕುವುದು ಮೇಲು.

ಹಂತ 4: ನಡುವೆ ಸೀಳಿ ಒಳರಚನೆ ನೋಡಿ

ಹೆಚ್ಚಿನವರು ಬೊಟ್ಟನ್ನು ಸೂಜಿಯಿಂದ ಕಿತ್ತು ಸ್ಲೈಡ್ ಮೇಲೆ ಜಜ್ಜಿಬಿಡುತ್ತಾರೆ. ಜಜ್ಜಿದರೆ ಬೀಜಾಣುಗಳು ಸಿಗುತ್ತವೆ, ಆದರೆ ಅವು ಎಲ್ಲಿ ಹೇಗೆ ಹುಟ್ಟಿದವು ಎಂಬುದು ಅಳಿಸಿಹೋಗುತ್ತದೆ. ತುಣುಕನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಸೀಳಿದ ಕ್ಯಾರೆಟ್ ಅಥವಾ ಪಪ್ಪಾಯಿ ಎಲೆಯ ತೊಟ್ಟಿನ ನಡುವೆ ಸಿಕ್ಕಿಸಿ, ಒದ್ದೆ ಮಾಡಿದ ಹೊಸ ಬ್ಲೇಡಿನಿಂದ ಒಂದೇ ಎಳೆತದಲ್ಲಿ ತೆಳುವಾಗಿ ಕೊಯ್ಯಿರಿ. ಹತ್ತು ಕೊಯ್ದರೆ ಎರಡು ಸರಿಯಾಗಿ ಬರುತ್ತವೆ, ಅಷ್ಟು ಸಾಕು.

ಹೂಜಿಯಂಥ ಗೂಡಿನೊಳಗೆ ಉದ್ದುದ್ದ ಚೀಲಗಳಿದ್ದು, ಪ್ರತಿ ಚೀಲದಲ್ಲಿ ಸಾಮಾನ್ಯವಾಗಿ ಎಂಟು ಬೀಜಾಣುಗಳಿದ್ದರೆ ಅದು ಆಸ್ಕಸ್ ಗುಂಪಿನ ಲೈಂಗಿಕ ಹಂತ; ಆಸ್ಕಸ್ ಎಂದರೆ ಈ ಚೀಲವೇ. ಚೀಲಗಳಿಲ್ಲದೆ, ಗೂಡಿನ ಒಳಗೋಡೆಗೆ ಅಂಟಿದ ಸಣ್ಣ ಕಾಂಡಗಳ ತುದಿಯಲ್ಲಿ ಬೀಜಾಣುಗಳು ಬೆಳೆಯುತ್ತಿದ್ದರೆ ಅದು ಪಿಕ್ನಿಡಿಯಮ್, ಅಂದರೆ ಅಲೈಂಗಿಕ ಹಂತ. ಗೂಡೇ ಇಲ್ಲದೆ ತೆರೆದ ಎಳೆಗಳ ಮೇಲೆ ಬೀಜಾಣುಗಳಿದ್ದರೆ ಮೂರನೆಯ ದಾರಿ. ಹಸಿಯಾಗಿ ಕೊಳೆತ ಕಟ್ಟಿಗೆಯ ಮೇಲೆ ಸಿಗುವ ಹೆಲಿಕೊಸ್ಪೋರಿಯಮ್ ಈ ಬಗೆಯದು. ಅದರ ಬೀಜಾಣುಗಳು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿರುತ್ತವೆ. ಕಪ್ಪು ಅರೆಗೋಳವನ್ನು ಸೀಳಿದಾಗ ಒಳಗೆ ಒಂದರೊಳಗೊಂದು ಉಂಗುರಗಳು ಕಂಡರೆ ಡಾಲ್ಡಿನಿಯಾ ಎಂದು ಈ ಹಂತದಲ್ಲಿಯೇ ಬಹುಮಟ್ಟಿಗೆ ಹೇಳಬಹುದು.

ಹಂತ 5: ಮೊದಲ ಸ್ಲೈಡ್ ಬರಿಯ ನೀರಿನಲ್ಲಿಯೇ ಇರಲಿ

ಇಡೀ ಕ್ರಮದಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ ಇದು. ಬಣ್ಣ ಹಾಕಿದರೆ ಚೆನ್ನಾಗಿ ಕಾಣುತ್ತದೆಂಬ ನಂಬಿಕೆಯಿಂದ ಮೊದಲ ಹನಿಯೇ ಕಾಟನ್ ಬ್ಲೂ ಆಗಿರುತ್ತದೆ. ಆದರೆ ಲ್ಯಾಕ್ಟಿಕ್ ಆಮ್ಲವೂ ಕ್ಷಾರವೂ ಕೋಶವನ್ನು ಕೊಲ್ಲುತ್ತವೆ, ಸತ್ತ ಕೋಶದಲ್ಲಿ ಎಣ್ಣೆಯ ಹನಿಗಳು ಒಂದಕ್ಕೊಂದು ಕೂಡಿಕೊಂಡು ಅವುಗಳ ಸಂಖ್ಯೆ ಮತ್ತು ಜೋಡಣೆ ಕೆಡುತ್ತದೆ, ಬೀಜಾಣುವಿನ ಸಹಜ ಬಣ್ಣ ಮರೆಯಾಗುತ್ತದೆ.

ಇನ್ನೂ ಒಂದು ಲಕ್ಷಣವಿದೆ. ಎರಡು ಪದರದ ಗೋಡೆಯಿರುವ ಆಸ್ಕಸ್‌ಗಳಲ್ಲಿ ಮಾಗಿದ ಚೀಲ ನೀರು ಹೀರಿದಾಗ ಹೊರಗೋಡೆ ಬಿರಿದು, ಒಳಗೋಡೆ ಥಟ್ಟನೆ ಉದ್ದಕ್ಕೆ ಚಾಚಿಕೊಂಡು, ತುದಿಯಿಂದ ಬೀಜಾಣುಗಳು ಒಂದೊಂದಾಗಿ ಚಿಮ್ಮುತ್ತವೆ. ಇದನ್ನು ಜೀವಂತ ಮಾದರಿಯಲ್ಲಿ, ನೀರಿನ ಸ್ಲೈಡ್‌ನಲ್ಲಿ ಮಾತ್ರ ನೋಡಲು ಸಾಧ್ಯ. ಈ ಒಂದು ದೃಶ್ಯ ಸಿಕ್ಕಿದರೆ ಶಿಲೀಂಧ್ರ ಯಾವ ದೊಡ್ಡ ಗುಂಪಿಗೆ ಸೇರಿದ್ದು ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆ. ಆದ್ದರಿಂದ ಕವರ್‌ಸ್ಲಿಪ್ ಹಾಕಿದ ಮೇಲೆ ಹತ್ತು ನಿಮಿಷ ಕಣ್ಣು ತೆಗೆಯದೆ ಕೂರುವುದು ಅಗತ್ಯ. ಬೀಜಾಣುವಿನ ಸುತ್ತ ಪಾರದರ್ಶಕ ಲೋಳೆಯ ಕವಚವಿದೆಯೇ ಎಂದು ತಿಳಿಯಲು ಕವರ್‌ಸ್ಲಿಪ್‌ನ ಅಂಚಿಗೆ ಒಂದು ಹನಿ ಇಂಡಿಯಾ ಇಂಕ್ ಬಿಡಿ. ಕಪ್ಪು ಹಿನ್ನೆಲೆಯಲ್ಲಿ ಕವಚ ಬೆಳ್ಳಗೆ ಎದ್ದು ಕಾಣುತ್ತದೆ.

ದಪ್ಪ ಕಪ್ಪು ಅಂಚಿನ ನುಣುಪಾದ ವೃತ್ತಗಳು ಗಾಳಿಗುಳ್ಳೆಗಳೆಂಬುದು ನೆನಪಿರಲಿ. ಹೂಬಿಡುವ ಕಾಲದಲ್ಲಿ ಪರಾಗಕಣಗಳೂ ತೊಗಟೆಯ ಮೇಲೆ ಧಾರಾಳವಾಗಿ ಕೂತಿರುತ್ತವೆ. ಒಂದೇ ಸ್ಲೈಡ್‌ನಲ್ಲಿ ಮೂರು ನಾಲ್ಕು ಬಗೆಯ ಬೀಜಾಣುಗಳು ಕಂಡರೆ ಅವುಗಳಲ್ಲಿ ಚೀಲದೊಳಗೆ ಅಥವಾ ತೊಟ್ಟಿನ ತುದಿಯಲ್ಲಿ ಅಂಟಿಕೊಂಡೇ ಇರುವುದನ್ನು ಮಾತ್ರ ನಂಬಬೇಕು.

ಹಂತ 6: ಅಳತೆ

ನೇತ್ರ ಮಸೂರದ ಅಳತೆಪಟ್ಟಿಯ ಗೆರೆಗಳಿಗೆ ತಮ್ಮಷ್ಟಕ್ಕೆ ಯಾವ ಬೆಲೆಯೂ ಇಲ್ಲ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದ, ಅಂದರೆ ಭಾಗವೊಂದಕ್ಕೆ 10 ಮೈಕ್ರಾನ್ ಇರುವ ಅಳತೆ ಸ್ಲೈಡನ್ನು ಹತ್ತಿರದ ಕಾಲೇಜಿನಿಂದ ಒಂದು ದಿನದ ಮಟ್ಟಿಗೆ ಎರವಲು ತಂದು, ಪ್ರತಿ ಮಸೂರಕ್ಕೂ ಪ್ರತ್ಯೇಕವಾಗಿ ಹೋಲಿಸಿ ಬರೆದಿಡಿ. 40ರ ಮಸೂರದಲ್ಲಿ ನಿಮ್ಮ ಪಟ್ಟಿಯ 40 ಗೆರೆಗಳು ಆ ಸ್ಲೈಡಿನ 10 ಭಾಗಗಳಿಗೆ ಸರಿಹೊಂದಿದರೆ ಗೆರೆಯೊಂದಕ್ಕೆ 2.5 ಮೈಕ್ರಾನ್. ಸೂಕ್ಷ್ಮದರ್ಶಕ ಬದಲಾದರೆ ಲೆಕ್ಕವನ್ನೂ ಹೊಸದಾಗಿ ಮಾಡಬೇಕು.

ಕನಿಷ್ಠ 20, ಸಾಧ್ಯವಾದರೆ 30 ಬೀಜಾಣುಗಳನ್ನು ಅಳೆಯಿರಿ. ದೊಡ್ಡದಾಗಿ ಕಾಣುವುದನ್ನೇ ಆರಿಸಿಕೊಳ್ಳುವ ಮನಸ್ಸು ತನ್ನಿಂದ ತಾನೇ ಬರುತ್ತದೆ, ಅದನ್ನು ತಡೆಯಲು ಸ್ಲೈಡನ್ನು ಒಂದೇ ದಿಕ್ಕಿಗೆ ಸರಿಸುತ್ತ ಎದುರಾದ ಪ್ರತಿಯೊಂದು ಮಾಗಿದ ಬೀಜಾಣುವನ್ನೂ ಅಳೆಯುವುದು ಒಳ್ಳೆಯ ರೂಢಿ. ಯಾವ ದ್ರವದಲ್ಲಿ ಅಳೆದಿರಿ ಎಂಬುದನ್ನೂ ಬರೆಯಿರಿ, ಏಕೆಂದರೆ ಕ್ಷಾರದಲ್ಲಿ ಬೀಜಾಣುಗಳು ಉಬ್ಬಬಹುದು.

ಹಂತ 7: ಕ್ಷಾರ ಮತ್ತು ಅಯೋಡಿನ್ ಪರೀಕ್ಷೆಗಳು

ಕೆಂಪು ಅಥವಾ ಕಿತ್ತಳೆ ಬಣ್ಣದ ಪುಟ್ಟ ಗೂಡುಗಳಾದರೆ ಒಂದನ್ನು ಶೇಕಡಾ 3ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿಯೂ ಇನ್ನೊಂದನ್ನು ಲ್ಯಾಕ್ಟಿಕ್ ಆಮ್ಲದಲ್ಲಿಯೂ ಇಡಿ. ನೆಕ್ಟ್ರಿಯಾ ಮತ್ತು ಅದರ ಹತ್ತಿರದ ಬಂಧುಗಳಲ್ಲಿ ಗೂಡಿನ ಗೋಡೆ ಕ್ಷಾರದಲ್ಲಿ ಗಾಢ ಕೆಂಪು ಅಥವಾ ನೇರಳೆಗೆ ತಿರುಗಿ, ಆಮ್ಲದಲ್ಲಿ ಹಳದಿಯಾಗುತ್ತದೆ. ಕಪ್ಪು ಅಥವಾ ಇಟ್ಟಿಗೆಗೆಂಪಿನ ಗಟ್ಟಿ ದಿಂಬುಗಳಾದರೆ ಹೈಪಾಕ್ಸಿಲಾನ್ ಇರಬಹುದು: ದಿಂಬಿನ ಒಂದು ಚೂರನ್ನು ಶೇಕಡಾ 10ರ ಕ್ಷಾರದ ಹನಿಯಲ್ಲಿಟ್ಟು, ಒಂದು ನಿಮಿಷದೊಳಗೆ ದ್ರವಕ್ಕೆ ಇಳಿಯುವ ಬಣ್ಣ ಕಿತ್ತಳೆಯೋ ಹಸಿರೋ ನೇರಳೆಯೋ ಎಂದು ಬಿಳಿ ಕಾಗದದ ಮೇಲೆ ನೋಡಬೇಕು. ಈ ಬಣ್ಣ ಜಾತಿಗಳನ್ನು ಬೇರ್ಪಡಿಸಲು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಅಯೋಡಿನ್ ಪರೀಕ್ಷೆಯಲ್ಲಿ ಗಮನಿಸಬೇಕಾದುದು ಚೀಲದ ತುದಿ. ಹೈಪಾಕ್ಸಿಲಾನ್ ಬಳಗದಲ್ಲಿ ಹೆಚ್ಚಿನವುಗಳ ಚೀಲದ ತುದಿಯಲ್ಲಿ ಒಂದು ಪುಟ್ಟ ಉಂಗುರವು ನೀಲಿಯಾಗುತ್ತದೆ, ಜೊತೆಗೆ ಕಂದು ಬೀಜಾಣುವಿನ ಉದ್ದಕ್ಕೂ ಮೊಳಕೆಯೊಡೆಯುವ ಸೀಳುಗೆರೆ ಇರುತ್ತದೆ. ನೀರಿನ ಸ್ಲೈಡ್‌ನ ಅಂಚಿಗೆ ಅಯೋಡಿನ್ ಹನಿ ಬಿಟ್ಟು, ಎದುರು ಅಂಚಿನಿಂದ ಹೀರುಕಾಗದದಲ್ಲಿ ಎಳೆದರೆ ಬಣ್ಣ ಏರುವುದನ್ನು ಕಣ್ಣಾರೆ ನೋಡಬಹುದು. ಅಯೋಡಿನ್ ಇರುವ ಮೆಲ್ಜರ್ ದ್ರಾವಣವನ್ನು ಬಳಸುವ ಸಂಪ್ರದಾಯವೂ ಇದೆ, ಆದರೆ ಅದರಲ್ಲಿರುವ ಕ್ಲೋರಲ್ ಹೈಡ್ರೇಟ್ ವಿಷಕಾರಿ. ಅದಲ್ಲದೆ ಲುಗಾಲ್‌ನಲ್ಲಿ ಬಣ್ಣ ತೋರುವ ಕೆಲವು ಉಂಗುರಗಳು ಮೆಲ್ಜರ್‌ನಲ್ಲಿ ಬಣ್ಣವನ್ನೇ ತೋರುವುದಿಲ್ಲ. ಹೊಸಬರಿಗೆ ಲುಗಾಲ್ ಸಾಕು.

ಹಂತ 8: ಬೀಜಾಣು ಮಾಗುವವರೆಗೆ ಕಾಯಿರಿ

ಹಿಂದೊಮ್ಮೆ ತುದಿಯಿಂದ ಒಣಗುತ್ತ ಬಂದ ಮಾವಿನ ಕೊಂಬೆಯೊಂದು ನನ್ನ ಮೇಜಿಗೆ ಬಂದಿತ್ತು. ಸಿಪ್ಪೆ ಸೀಳಿಕೊಂಡು ಬಂದ ಕಪ್ಪು ಪಿಕ್ನಿಡಿಯಮ್‌ಗಳು, ಒಳಗೆ ಬಣ್ಣವಿಲ್ಲದ, ಅಡ್ಡಗೋಡೆಯಿಲ್ಲದ, ದಪ್ಪ ಗೋಡೆಯ ಮೊಟ್ಟೆಯಾಕಾರದ ಬೀಜಾಣುಗಳು. ಲಕ್ಷಣಗಳನ್ನು ಒಂದೊಂದಾಗಿ ಹೋಲಿಸುತ್ತ ಹೆಸರಿಗೆ ಕರೆದೊಯ್ಯುವ ಹಳೆಯ ಕೀಲಿಪಟ್ಟಿಯನ್ನು ಹಿಡಿದು ಹೋದ ನಾನು ಮ್ಯಾಕ್ರೊಫೋಮಾ ಎಂದು ಬರೆದು ಮುಗಿಸಿದೆ. ಉಳಿದ ತುಂಡು ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಇತ್ತು. ಹನ್ನೊಂದನೆಯ ದಿನ ಅದರ ಮೇಲೆ ಉಕ್ಕಿದ್ದ ಕಪ್ಪು ಲೋಳೆಯಿಂದ ಒಂದು ಚುಕ್ಕೆ ತೆಗೆದು ನೋಡಿದಾಗ ಅದೇ ಆಕಾರದ, ಅದೇ ಗಾತ್ರದ ಬೀಜಾಣುಗಳು ಗಾಢ ಕಂದು ಬಣ್ಣಕ್ಕೆ ತಿರುಗಿದ್ದವು, ನಡುವೆ ಒಂದು ಅಡ್ಡಗೋಡೆ ಮೂಡಿತ್ತು, ಉದ್ದಕ್ಕೆ ಕುಂಬಳಬಳ್ಳಿಯ ಕಾಂಡದ ಗೆರೆಗಳಂತೆ ಸಣ್ಣ ಪಟ್ಟೆಗಳು ಓಡಿದ್ದವು. ಅದು ಲೇಸಿಯೋಡಿಪ್ಲೋಡಿಯಾ. ಮೊದಲ ದಿನದ ಹೆಸರು ಪೂರ್ತಿ ತಪ್ಪಾಗಿತ್ತು.

ಲೇಸಿಯೋಡಿಪ್ಲೋಡಿಯಾ ಥಿಯೊಬ್ರೋಮೆಯ ಬೀಜಾಣುಗಳು ಸುಮಾರು 20ರಿಂದ 30 ಮೈಕ್ರಾನ್ ಉದ್ದವಿದ್ದು, ಬಹಳ ಕಾಲ ಬಣ್ಣವಿಲ್ಲದೆಯೇ ಇರುತ್ತವೆ, ಗೂಡಿನಿಂದ ಹೊರಬಿದ್ದ ಮೇಲೆಯೇ ಸಾಮಾನ್ಯವಾಗಿ ಕಂದಾಗುತ್ತವೆ. ಆದ್ದರಿಂದ ಬಣ್ಣವಿಲ್ಲದ ಬೀಜಾಣು ಕಂಡೊಡನೆ ತೀರ್ಮಾನಕ್ಕೆ ಬರದೆ, ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಕಾಗದ ಹಾಸಿ ಒಂದು ತುಂಡನ್ನು ಎರಡು ವಾರ ಇಟ್ಟು ದಿನ ಬಿಟ್ಟು ದಿನ ನೋಡಬೇಕು. ಕಾಗದ ತೇವವಾಗಿರಬೇಕು, ನೀರು ನಿಲ್ಲಬಾರದು. ಡಬ್ಬಿಯಲ್ಲಿ ಹೊಸದಾಗಿ ಹುಟ್ಟಿದ ಬೂಷ್ಟನ್ನು ಮೊದಲಿನ ಶಿಲೀಂಧ್ರದ ಇನ್ನೊಂದು ಹಂತವೆಂದು ಭಾವಿಸಬಾರದು. ಮೂರನೆಯ ಹಂತದಲ್ಲಿ ತೆಗೆದ ಚಿತ್ರ ಆಗ ನೆರವಿಗೆ ಬರುತ್ತದೆ.

ಹಂತ 9: ಈಗ ಹೆಸರು ಹುಡುಕಿ

ಮೊದಲು ಬೀಜಾಣುವನ್ನು ಆಕಾರ, ಬಣ್ಣ, ಅಡ್ಡಗೋಡೆಗಳ ಪ್ರಕಾರ ವಿಂಗಡಿಸಿ: ಒಂದೇ ಕೋಶದ್ದು, ಎರಡು ಕೋಶದ್ದು, ಹಲವು ಅಡ್ಡಗೋಡೆಯದು, ಅಡ್ಡ ಮತ್ತು ಉದ್ದ ಎರಡೂ ಗೋಡೆಗಳಿದ್ದು ಇಟ್ಟಿಗೆ ಕಟ್ಟಿದಂತಿರುವುದು, ದಾರದಂಥದು, ಸುರುಳಿ, ನಕ್ಷತ್ರ. ಈ ವಿಂಗಡಣೆಯಿಂದ ಕೀಲಿಪಟ್ಟಿ ಹಿಡಿದು ಕುಲದವರೆಗೆ ಹೋಗಿ, ಅಲ್ಲಿ ನಿಂತು ಆ ಕುಲದ ಎರಡು ಮೂರು ಜಾತಿಗಳ ಮೂಲ ವಿವರಣೆಯೊಂದಿಗೆ ನಿಮ್ಮ ಅಳತೆಗಳನ್ನು ಸಾಲು ಸಾಲಾಗಿ ಹೋಲಿಸಿ. ಒಂದು ಲಕ್ಷಣ ಹೊಂದದಿದ್ದರೂ ಅದನ್ನು ಬಿಟ್ಟುಬಿಡದೆ ಬರೆದಿಡಬೇಕು.

ಹಳೆಯ ಪುಸ್ತಕಗಳಲ್ಲಿ ಒಂದೇ ಶಿಲೀಂಧ್ರದ ಲೈಂಗಿಕ ಹಂತಕ್ಕೆ ಒಂದು ಹೆಸರು, ಅಲೈಂಗಿಕ ಹಂತಕ್ಕೆ ಇನ್ನೊಂದು ಹೆಸರು ಇರುತ್ತದೆ. 2011ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದ ತೀರ್ಮಾನದಿಂದ ಒಂದು ಶಿಲೀಂಧ್ರಕ್ಕೆ ಒಂದೇ ಸರಿಯಾದ ಹೆಸರು ಎಂದಾಗಿದೆ. ಸಿಕ್ಕಿದ ಹೆಸರು ಈಗಲೂ ಚಾಲ್ತಿಯಲ್ಲಿದೆಯೇ ಎಂದು ಇಂಡೆಕ್ಸ್ ಫಂಗೋರಮ್ ಅಥವಾ ಮೈಕೊಬ್ಯಾಂಕ್ ಎಂಬ ಅಂತರ್ಜಾಲದ ಹೆಸರುಪಟ್ಟಿಗಳಲ್ಲಿ ನೋಡಿಯೇ ಬರೆಯಬೇಕು.

ಕುಲದ ಮಟ್ಟದಲ್ಲಿಯೇ ನಿಲ್ಲುವುದು ಎಷ್ಟೋ ಸಲ ಸರಿಯಾದ ಉತ್ತರ. ಕೊಲ್ಲೆಟೊಟ್ರೈಕಮ್, ಡಯಾಪೋರ್ಥೆ, ಲೇಸಿಯೋಡಿಪ್ಲೋಡಿಯಾಗಳಲ್ಲಿ ನೋಟಕ್ಕೆ ಒಂದೇ ಆಗಿರುವ ಹಲವು ಜಾತಿಗಳನ್ನು ಡಿಎನ್‌ಎಯಿಂದ ಮಾತ್ರ ನೆಚ್ಚಿಕೆಯಿಂದ ಬಿಡಿಸಬಹುದು. 2012ರಲ್ಲಿ ಶಿಲೀಂಧ್ರಗಳ ಸಾಮಾನ್ಯ ಗುರುತುಪಟ್ಟಿ (ಬಾರ್‌ಕೋಡ್) ಎಂದು ಸೂಚಿಸಲಾದ ಐಟಿಎಸ್ ಎಂಬ ಡಿಎನ್‌ಎ ಭಾಗವೂ ಈ ಕುಲಗಳಲ್ಲಿ ಒಂಟಿಯಾಗಿ ಸಾಲುವುದಿಲ್ಲ, ಬೇರೆ ಜೀನ್‌ಗಳ ಅನುಕ್ರಮವೂ ಬೇಕು. ಕೊಂಬೆಯ ಚೂರಿನಿಂದ ನೇರವಾಗಿ ಡಿಎನ್‌ಎ ತೆಗೆಸಿದರೆ ಅದರಲ್ಲಿ ಅಡಗಿರುವ ಹತ್ತಾರು ಶಿಲೀಂಧ್ರಗಳಲ್ಲಿ ಯಾವುದರ ಅನುಕ್ರಮ ಬಂತೆಂದು ಹೇಳಲಾಗದು. ಮೊದಲು ಒಂದೇ ಬೀಜಾಣುವಿನಿಂದ ಆಲೂಗಡ್ಡೆ ಅಗಾರ್ ಎಂಬ ಪೋಷಕ ಮಾಧ್ಯಮದ ಮೇಲೆ ಶುದ್ಧವಾಗಿ ಬೆಳೆಸಿ, ಆಮೇಲೆ ಕಳಿಸಬೇಕು.

ಹಂತ 10: ಮಾದರಿಯನ್ನು ಉಳಿಸಿ

ಕೊಂಬೆಯ ತುಂಡನ್ನು ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿ, ಕೀಟಗಳು ಸಾಯಲೆಂದು ಒಂದು ವಾರ ಫ್ರೀಜರ್‌ನಲ್ಲಿಟ್ಟು, ಕಾಗದದ ಲಕೋಟೆಯಲ್ಲಿ ಹಾಕಿ. ಒಲೆಯ ಮೇಲೆ ಅಥವಾ ಸುಡುಬಿಸಿಲಿನಲ್ಲಿ ಒಣಗಿಸಬೇಡಿ. ಸ್ಲೈಡಿನ ಚಿತ್ರಗಳಿಗೂ ಲಕೋಟೆಗೂ ಒಂದೇ ಸಂಖ್ಯೆ ಇರಬೇಕು.

ಇಷ್ಟೆಲ್ಲ ಮಾಡಿಯೂ ಯಾವ ವಿವರಣೆಗೂ ಹೊಂದದ ಮಾದರಿ ಸಿಕ್ಕಿದರೆ ಅದನ್ನು ತಜ್ಞರಿಗೆ ತೋರಿಸಬೇಕು. ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಅಜ್ರೇಕರ್ ಶಿಲೀಂಧ್ರ ಸಂಗ್ರಹಾಲಯವೂ ಜೀವಂತ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹವೂ ಇವೆ. ವಿದೇಶದ ತಜ್ಞರಿಗೆ ಮಾದರಿ ಕಳಿಸುವ ಆಲೋಚನೆಯಿದ್ದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ, ಅಂಚೆಗೆ ಹಾಕುವ ಮೊದಲು ಅವನ್ನು ತಿಳಿದುಕೊಳ್ಳಿ. ಕಳಿಸುವಾಗ ಇಡೀ ತುಂಡನ್ನು ಕಳಿಸದೆ ಅರ್ಧ ನಿಮ್ಮಲ್ಲಿ ಉಳಿಸಿಕೊಳ್ಳಿ. ಲಕೋಟೆಯ ಜೊತೆಗೆ ಮರದ ಹೆಸರು, ಸ್ಥಳ, ದಿನಾಂಕ, ನೀರಿನಲ್ಲಿ ತೆಗೆದ ಚಿತ್ರಗಳು, ಮೂವತ್ತು ಬೀಜಾಣುಗಳ ಅಳತೆ, ಕ್ಷಾರ ಮತ್ತು ಅಯೋಡಿನ್ ಪರೀಕ್ಷೆಗಳ ಫಲಿತಾಂಶ ಇರಲಿ. ನೀವು ಊಹಿಸಿದ ಹೆಸರನ್ನು ಬೇರೆ ಹಾಳೆಯಲ್ಲಿ, ಕೊನೆಯಲ್ಲಿ ಬರೆಯಿರಿ.